ತಿಮ್ಮವ್ವನ ಹನ್ನೆರಡು ನಿಮಿಷ

ಸಿಂಧನೂರಿನಲ್ಲಿ ಭತ್ತದ ಹೊಟ್ಟಿನ ಬೂದಿ ಎಲ್ಲರ ಮೇಲೂ ಬೀಳುತ್ತದೆ. ಒಣಹಾಕಿದ ಬಟ್ಟೆ ಮೇಲೆ, ಮಿರ್ಚಿ ಬಂಡಿಯ ಬಾಣಲಿ ಮೇಲೆ, ಮೋಟರ್‌ಸೈಕಲ್ ಸೀಟಿನ ಮೇಲೆ. ಜಾತಿ ಕೇಳುವುದಿಲ್ಲ. ರೈಸ್‌ಮಿಲ್ಲುಗಳು ಬಡವರಿಗೂ ಸಾಹುಕಾರರಿಗೂ ಸಮನಾಗಿ ಹಂಚುವುದು ಇದೊಂದನ್ನೇ.

ಮಲ್ಲೇಶನ ಕಂಪ್ಯೂಟರಿನ ಕೀಗಳ ಸಂದಿಯಲ್ಲೂ ಅದೇ ಬೂದಿ. ಅವನು ಕೆಲಸ ಮಾಡುವುದು ನರಸಣ್ಣನ ವಿಡಿಯೋ ಅಂಗಡಿಯಲ್ಲಿ. ಅಂಗಡಿ ಅಂದರೆ ಮೋಟರ್ ರಿಪೇರಿಯವನ ಮಾಳಿಗೆ ಮೇಲೆ ಹೊಡೆದ ತಗಡಿನ ಶೆಡ್ಡು. ಬ್ಯಾಸಗಿಯಲ್ಲಿ ತಗಡು ಕಾದು ಕೆಳಗೆ ಕೂತವರ ತಲೆಯನ್ನು ಹಂಚಿನ ಮೇಲಿನ ರೊಟ್ಟಿ ಮಾಡುತ್ತದೆ. ಫ್ಯಾನು ಎರಡು ಇವೆ. ಒಂದು ಕಂಪ್ಯೂಟರಿಗೆ, ಒಂದು ನರಸಣ್ಣನಿಗೆ. ಮಲ್ಲೇಶ ಕಂಪ್ಯೂಟರಿನ ಪಕ್ಕಕ್ಕೆ ಸರಿದು ಕೂತರೆ ಅದರ ಗಾಳಿಯಲ್ಲಿ ಸ್ವಲ್ಪ ಸಿಗುತ್ತದೆ. ಹಾಗೆ ಕೂತರೆ ನರಸಣ್ಣ, "ಲೇ, ಸಿಸ್ಟಮ್ ಬಿಸಿ ಆಕ್ಕೈತಿ, ಈಚಿ ಸರಿ" ಅನ್ನುತ್ತಾನೆ.

ಮಲ್ಲೇಶ ಸಾಲಗುಂದದ ಹುಡುಗ. ಪಿಯುಸಿ ಮೊದಲ ವರ್ಷದಲ್ಲೇ ಕಾಲೇಜು ಅವನನ್ನು ಬಿಟ್ಟಿತು, ಅವನು ಕಾಲೇಜನ್ನು ಬಿಟ್ಟ. ಮದುವೆ ವಿಡಿಯೋ ಕತ್ತರಿಸುವುದು, ಹಾಡು ಹಾಕುವುದು, ವಧುವಿನ ಮುಖ ಬೆಳ್ಳಗೆ ಮಾಡುವುದು ಅವನ ಕೆಲಸ. ಲಗ್ನ ಇಲ್ಲದ ತಿಂಗಳಲ್ಲಿ ನರಸಣ್ಣ ಸಿಕ್ಕಿದ್ದನ್ನೆಲ್ಲ ಹಿಡಿಯುತ್ತಾನೆ. ಹಾಗೆ ಹಿಡಿದದ್ದರಲ್ಲಿ ಸಬ್‌ಟೈಟಲ್ ಜೋಡಿಸುವ ಕೆಲಸವೂ ಒಂದು.

ಸಬ್‌ಟೈಟಲ್ ಅಂದರೆ ಸಿನಿಮಾದ ಕೆಳಗೆ ಬರುವ ಅಕ್ಷರ. ಅದರ ಫೈಲು ಬೇರೆ ಇರುತ್ತದೆ. ತೆರೆದರೆ ಒಳಗೆ ದೊಡ್ಡದೇನೂ ಇಲ್ಲ. ಒಂದು ನಂಬರು, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನ ತನಕ ಅಂತ ಟೈಮು, ಅದರ ಕೆಳಗೆ ಮಾತು. ಟೈಮು ಬಂದಾಗ ಮಾತು ಬರುತ್ತದೆ. ಯಾರ ಬಾಯಿ ಆಡುತ್ತಿದೆ ಅಂತ ಫೈಲು ನೋಡುವುದಿಲ್ಲ. ಗಡಿಯಾರ ಅಷ್ಟೇ ನೋಡುತ್ತದೆ.

ಎರಡು ವಿಡಿಯೋ ಜೋಡಿಸಿ ಒಂದು ಮಾಡಿದರೆ ಎರಡು ಫೈಲನ್ನೂ ಜೋಡಿಸಬೇಕು. ಎರಡನೆಯದರ ಟೈಮನ್ನು ಅಷ್ಟೂ ಮುಂದಕ್ಕೆ ತಳ್ಳಬೇಕು. ಇದನ್ನು ಮಲ್ಲೇಶ ಕಲಿತದ್ದು ತಪ್ಪು ಮಾಡಿ. ಒಮ್ಮೆ ಒಂದು ಬೀಜದಂಗಡಿಯ ಜಾಹೀರಾತು, ಒಂದು ಇಂಗ್ಲಿಷ್ ಶಾಲೆಯ ಜಾಹೀರಾತು ಒಟ್ಟಿಗೆ ಬಂದಿದ್ದವು. ಯಾವುದು ಹಿಂದೆ ಯಾವುದು ಮುಂದೆ ಅಂತ ನೋಡದೆ ಜೋಡಿಸಿಬಿಟ್ಟ. ಟೈ ಕಟ್ಟಿಕೊಂಡ ಮಕ್ಕಳು ಸಾಲಾಗಿ ನಿಂತಾಗ ಕೆಳಗೆ, "ಎಕರೆಗೆ ನಲವತ್ತು ಚೀಲ ಗ್ಯಾರಂಟಿ" ಅಂತ ಬಂತು. ಶಾಲೆಯವರು ಬೈದರು. ಬೀಜದಂಗಡಿಯವನು ಮಾತ್ರ ಏನೂ ಅನ್ನಲಿಲ್ಲ. ಅವನ ಭತ್ತದ ಕೆಳಗೆ "ಶಿಸ್ತಿಗೆ ಮೊದಲ ಸ್ಥಾನ" ಅಂತ ಬಂದಿತ್ತು. ಅವನಿಗೆ ಅದು ಸರಿ ಅನ್ನಿಸಿತ್ತು.

ಈಗ ತಿಮ್ಮವ್ವನ ವಿಷಯ.

ತಿಮ್ಮವ್ವ ಅಮರೇಶಪ್ಪ ಸಾಹುಕಾರನ ರೈಸ್‌ಮಿಲ್ಲಿನಲ್ಲಿ ದುಡಿಯುತ್ತಿದ್ದಳು. ಓಣಿಯ ಸಂಬಂಧದಲ್ಲಿ ಮಲ್ಲೇಶನಿಗೆ ಅತ್ತಿ. ಭತ್ತವನ್ನು ಮೇಲಿನ ಹಂಡೆಗೆ ಎತ್ತುವ ಬೆಲ್ಟು ಆಗಾಗ ಕಟ್ಟಿಕೊಳ್ಳುತ್ತದೆ. ಕಟ್ಟಿಕೊಂಡರೆ ಬೆಲ್ಟು ನಿಲ್ಲಿಸಿ ಕೋಲಿನಿಂದ ಕೆದಕಬೇಕು ಅಂತ ಗೋಡೆ ಮೇಲೆ ಬರೆದಿದೆ. ನಿಲ್ಲಿಸಿದರೆ ಮ್ಯಾನೇಜರು ಬೈಯುತ್ತಾನೆ ಅಂತ ಬರೆದಿಲ್ಲ, ಆದರೆ ಎಲ್ಲರಿಗೂ ಗೊತ್ತು. ತಿಮ್ಮವ್ವ ಕೈಯಿಂದ ಕೆದಕಿದಳು. ಬಲಗೈ ಮೊಣಕೈ ತನಕ ಹೋಯಿತು.

ಸಾಹುಕಾರ ಅಂದದ್ದು ಇಷ್ಟೇ: "ಆಕಿ ನಮ್ಮ ಕೆಲಸದಾಕಿ ಅಲ್ಲ. ಕಸದಾಗಿನ ಅಕ್ಕಿ ಗೂಡಿಸ್ಕೊಂಡು ಹೋಗಾಕ ಬಂದಿದ್ಲು. ನಾವು ಬಡವ್ರಂತ ಸುಮ್ನ ಬಿಡ್ತಿದ್ವಿ."

ಕೆಲಸದವಳಲ್ಲ ಅಂದರೆ ಪರಿಹಾರ ಇಲ್ಲ, ಕೇಸಿಲ್ಲ, ಕೈ ಹೋದದ್ದು ಅವಳ ಮನೆ ವಿಷಯ. ತಿಮ್ಮವ್ವ ಗಾಯ ಆರಿದ ಮೇಲೆ ಮಸ್ಕಿಗೆ ತವರುಮನೆಗೆ ಹೋದಳು. ಮಿಲ್ಲಿನ ಹೆಂಗಸರು ಸೇರಿ ಒಂದು ಅರ್ಜಿ ಕೊಟ್ಟರು. ಅರ್ಜಿ ಅಲ್ಲಿ ಇಲ್ಲಿ ಸುತ್ತಿ ವಿಚಾರಣೆಗೆ ಬಂತು. ವಿಚಾರಣೆ ಮಾಡುವ ಸಾಹೇಬ ಉತ್ತರ ಭಾರತದ ಕಡೆಯ ಹುಡುಗ, ಹೊಸದಾಗಿ ಬಂದವನು, ಕನ್ನಡ ಬರುವುದಿಲ್ಲ. ಇಬ್ಬರ ಹೇಳಿಕೆಯನ್ನೂ ವಿಡಿಯೋ ಮಾಡಿ, ಇಂಗ್ಲಿಷ್ ಸಬ್‌ಟೈಟಲ್ ಹಾಕಿ ತರ್ರಿ, ಲಿಂಗಸುಗೂರಿನಲ್ಲಿ ಎಲ್ಲರ ಮುಂದೆ ನೋಡಿ ತೀರ್ಮಾನ ಮಾಡೋಣ ಅಂದ. ವಿಡಿಯೋ ಕೆಲಸ ನರಸಣ್ಣನಿಗೆ ಸಿಕ್ಕಿತು. ಇಂಗ್ಲಿಷ್ ಬರೆಯುವ ಕೆಲಸ ಬೆಂಗಳೂರಿನ ಒಂದು ಏಜೆನ್ಸಿಗೆ ಹೋಯಿತು.

ಕ್ಯಾಮೆರಾ ಹಿಡಿದವನು ಮಲ್ಲೇಶನೇ. ಸಾಹುಕಾರನದು ಎಸಿ ರೂಮಿನಲ್ಲಿ ಆಯಿತು. ಗೋಡೆಗೆ ದೇವರ ಫೋಟೋ, ಟೇಬಲ್ ಮೇಲೆ ಹೂವು. ತಿಮ್ಮವ್ವನದು ಮಸ್ಕಿಯಲ್ಲಿ, ಬೇವಿನ ಗಿಡದ ಕೆಳಗೆ. ಮೈಕು ಸೆರಗಿಗೆ ಸಿಕ್ಕಿಸಲು ಒಂದೇ ಕೈಯಲ್ಲಿ ಆಗದೆ ಅವಳು ಒದ್ದಾಡಿದಳು. ಮಲ್ಲೇಶ ಸಿಕ್ಕಿಸಿದ. ಅವಳು ತಡವರಿಸದೆ ಹೇಳಿದಳು. ಕೋಳಿ ಕೂಗಲಿಲ್ಲ, ಲಾರಿ ಹೋಗಲಿಲ್ಲ. ಇಬ್ಬರಿಗೂ ಸಮ ಇರಲಿ ಅಂತ ನರಸಣ್ಣ ಸಾಹುಕಾರನದೂ ತಿಮ್ಮವ್ವನದೂ ಹನ್ನೆರಡು ಹನ್ನೆರಡು ನಿಮಿಷಕ್ಕೆ ಕತ್ತರಿಸಿದ. ಅಷ್ಟು ಸಮ ಅವಳಿಗೆ ಹುಟ್ಟಿದಾಗಿನಿಂದ ಸಿಕ್ಕಿರಲಿಲ್ಲ.

ವಾರದ ಮೇಲೆ ಬೆಂಗಳೂರಿನಿಂದ ಎರಡು ಫೈಲು ಬಂದವು. ಲಿಂಗಸುಗೂರಿನ ಹಾಲಿನಲ್ಲಿರುವ ಟಿವಿ ಹಳೆಯದು, ಇವನ್ನು ಓದುವುದಿಲ್ಲ. ಜೋಡಿಸುವುದರ ಜೊತೆಗೆ ಹಳೆ ನಮೂನೆಗೆ ಬದಲಾಯಿಸಲೂ ಬೇಕಿತ್ತು. ಕಷ್ಟದ ಕೆಲಸ ಏನಲ್ಲ. ಮೇಲಿನ ಒಂದು ಸಾಲು ತೆಗೆಯಬೇಕು, ಟೈಮಿನಲ್ಲಿ ಚುಕ್ಕಿ ಇದ್ದಲ್ಲಿ ಕಾಮ ಹಾಕಬೇಕು, ವಿಡಿಯೋದ ಹೆಸರನ್ನೇ ಇದಕ್ಕೂ ಇಡಬೇಕು.

ಮಲ್ಲೇಶ ಮೊದಲು ಸಾಹುಕಾರನ ಫೈಲು ತೆರೆದ. ತುಂಬಿದ ಫೈಲು. ಇಂಗ್ಲಿಷ್ ಅವನಿಗೆ ಅಷ್ಟಕ್ಕಷ್ಟೇ, ಒಂದೊಂದೇ ಸಾಲನ್ನು ಫೋನಿಗೆ ಹಾಕಿ ಕನ್ನಡ ಮಾಡಿಕೊಂಡ. "ನಾನಿಲ್ಲದೆ ಈ ಮಿಲ್ಲು ಒಂದು ದಿನವೂ ನಡೆಯುವುದಿಲ್ಲ." "ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬರುವುದು ನಾನು, ಕೊನೆಗೆ ಹೋಗುವುದು ನಾನು." "ನನ್ನ ಜೀವನವನ್ನೇ ಈ ಮಿಲ್ಲಿಗೆ ಕೊಟ್ಟಿದ್ದೇನೆ." ಸಾಹುಕಾರ ನಡುವೆ ಕೆಮ್ಮಿದ್ದನ್ನೂ ಬರೆದಿದ್ದರು, ಕಂಸದೊಳಗೆ, ಕೆಮ್ಮು ಅಂತ.

ಆಮೇಲೆ ತಿಮ್ಮವ್ವನ ಫೈಲು ತೆರೆದ. ಒಂದನೇ ನಂಬರು, ಟೈಮು, ಕೆಳಗೆ ಕಂಸದಲ್ಲಿ ಒಂದೇ ಪದ. ಎರಡನೇ ನಂಬರು, ಅದೇ ಪದ. ಕೆಳಗಿನ ತನಕ ಹೋದ. ಅದೇ, ಅದೇ. ಫೋನಿಗೆ ಹಾಕಿದ. "ಅಸ್ಪಷ್ಟ" ಅಂತ ಬಂತು.

ಕಡೆಯ ಸಾಲೊಂದು ಬೇರೆ ಇತ್ತು. ಅದನ್ನೂ ಹಾಕಿದ. "ಮಹಿಳೆ ಅಳುತ್ತಾಳೆ" ಅಂತ ಬಂತು. ತಿಮ್ಮವ್ವ ಅತ್ತಿರಲಿಲ್ಲ. ಬಿಸಿಲಿಗೆ ಮುಖ ಒರೆಸಿಕೊಂಡಿದ್ದಳು.

ಮಲ್ಲೇಶ ಏಜೆನ್ಸಿಗೆ ಫೋನು ಹಚ್ಚಿದ. ಒಬ್ಬ ಹುಡುಗಿ ಎತ್ತಿದಳು.

"ಮೇಡಮ್, ಎರಡನೇ ಫೈಲಿನಾಗ ಮಾತ ಇಲ್ಲ ನೋಡ್ರಿ."

"ಇದೆಯಲ್ಲ ಸರ್, ಅಸ್ಪಷ್ಟ ಅಂತ ಹಾಕಿದ್ದೀವಲ್ಲ."

"ಆಕಿ ಸ್ಪಷ್ಟ ಮಾತಾಡ್ಯಾಳ್ರಿ. ನಾನ ರೆಕಾರ್ಡ್ ಮಾಡೀನಿ."

"ಆ ಕಡೆ ಭಾಷೆ ನಮ್ಮ ಹುಡುಗರಿಗೆ ಬರಲ್ಲ ಸರ್. ಅದು ಕನ್ನಡಾನಾ ತೆಲುಗಾ ಅಂತಾನೇ ಗೊತ್ತಾಗಲಿಲ್ಲ."

"ಕನ್ನಡ ರೀ ಮೇಡಮ್."

"ಇರಬಹುದು ಸರ್. ಫೈಲ್ ಸರ್ಟಿಫೈ ಆಗಿದೆ, ಸೀಲ್ ಬಿದ್ದಿದೆ. ನೀವು ಒಂದು ಅಕ್ಷರ ಬದಲಾಯಿಸಿದರೂ ಕ್ಯಾನ್ಸಲ್. ನೀವು ಜೋಡಿಸೋದು ಮಾತ್ರ ಅಲ್ವಾ?"

"ಹೌದ್ರಿ."

"ಹಾಗಾದ್ರೆ ಜೋಡಿಸಿ ಸರ್."

ನರಸಣ್ಣ ಕೇಳಿಸಿಕೊಳ್ಳುತ್ತಲೇ ಇದ್ದ. ಫ್ಯಾನನ್ನು ಇನ್ನಷ್ಟು ತನ್ನ ಕಡೆ ತಿರುಗಿಸಿಕೊಂಡ. "ನಿಂಗ್ಯಾಕಲೇ ಊರ ಉಸಾಬರಿ? ಸಾಹುಕಾರ್ರ ಮಗನ ಲಗ್ನ ಐತಿ. ಡ್ರೋನು, ಕ್ರೇನು, ಎಲ್ಲಾ ನಮಗ ಅಂದಾರ. ನೀ ಇಲ್ಲಿ ಕುಂತು ವಕೀಲ್ಕಿ ಮಾಡಬ್ಯಾಡ."

"ಅಣ್ಣಾ, ಸಾಹೇಬ್ರು ಅದನ್ನ ಓದತಾರ. ಆಕಿ ಏನೂ ಹೇಳೇ ಇಲ್ಲ ಅಂದಂಗ ಆಕ್ಕೈತಿ."

"ಆಕ್ಕೈತಿ. ಜೋಡ್ಸು ಅಂದಾರ, ಜೋಡ್ಸು. ಒಂದಕ್ಷರ ಮುಟ್ಟಿದಿ ಅಂದ್ರ ನನ್ನ ಲೈಸೆನ್ಸ್ ಹೋಗ್ತೈತಿ, ನಿನ್ನ ಚರ್ಮ ಹೋಗ್ತೈತಿ."

ಮಧ್ಯಾಹ್ನ ಮಲ್ಲೇಶ ಕೆಳಗಿಳಿದು ತಿಮ್ಮವ್ವನಿಗೆ ಫೋನು ಮಾಡಿದ.

"ಅತ್ತಿ, ಬೆಂಗಳೂರಿಂದ ಬಂದೈತಿ."

"ಬಂತಾ? ಏನ್ ಬರದಾರಪಾ?"

"ಅಸ್ಪಷ್ಟ ಅಂತ ಬರದಾರ."

"ಹಂಗಂದ್ರ?"

"ನೀ ಹೇಳಿದ್ದು ತಿಳಿಯಂಗಿಲ್ಲ ಅಂತ."

"ಯಾರಿಗಿ?"

"ಬೆಂಗಳೂರಿನವ್ರಿಗೆ."

"ಕೈ ಹೋಗಿದ್ದು ಬೆಂಗಳೂರಾಗೇನು?" ಅಂದಳು. ಆಮೇಲೆ, "ಸಾಹುಕಾರಂದು ತಿಳದೈತೇನು?" ಅಂತ ಕೇಳಿದಳು.

"ಕೆಮ್ಮಿದ್ದು ಸೈತ ತಿಳದೈತಿ."

"ಹಾಂ," ಅಂದಳು. "ಕೆಮ್ಮು ಎಲ್ಲಾ ಕಡಿ ಒಂದ ಅಲ್ಲೇನು." ಇಬ್ಬರೂ ನಕ್ಕರು. ತಿಮ್ಮವ್ವ ಫೋನಿಡುವಾಗ ಇಷ್ಟೇ ಅಂದಳು: "ನಾ ಮಿಲ್ಲಿನ ಕೆಲಸದಾಕಿ ಅಂತ ಆ ಸಾಹೇಬಗ ತಿಳೀಬೇಕು ಮಲ್ಲೇಶ. ಕೈ ಅಂತೂ ತಿರುಗಿ ಬರಂಗಿಲ್ಲ. ಕಳ್ಳಿ ಅನಿಸ್ಕೊಂಡು ಸಾಯಂಗಾತು."

ಅವನು ಮೇಲೆ ಹೋಗಿ ಕೂತ. ಒಂದು ಅಕ್ಷರ ಮುಟ್ಟಬಾರದು. ಮುಟ್ಟಲಿಲ್ಲ. ಕೂಡಿಸಲೂ ಇಲ್ಲ, ಕಳೆಯಲೂ ಇಲ್ಲ. ಚುಕ್ಕಿ ಇದ್ದಲ್ಲಿ ಕಾಮ ಹಾಕಿದ. ವಿಡಿಯೋದಲ್ಲಿ ಸಾಹುಕಾರ ಮೊದಲು, ತಿಮ್ಮವ್ವ ಆಮೇಲೆ. ಫೈಲಿನಲ್ಲಿ ತಿಮ್ಮವ್ವನನ್ನು ಮೊದಲು ಇಟ್ಟ, ಸಾಹುಕಾರನನ್ನು ಅವಳ ಹಿಂದೆ ನಿಲ್ಲಿಸಿ ಅವನ ಟೈಮನ್ನೆಲ್ಲ ಹನ್ನೆರಡು ನಿಮಿಷ ಮುಂದಕ್ಕೆ ತಳ್ಳಿದ. ಪೆನ್‌ಡ್ರೈವಿಗೆ ಹಾಕಿ ನರಸಣ್ಣನ ಕೈಗೆ ಕೊಟ್ಟ.

"ಆತೇನು?"

"ಆತಣ್ಣಾ."

"ಏನೂ ಮುಟ್ಟಿಲ್ಲಲ್ಲ?"

"ಒಂದಕ್ಷರ ಮುಟ್ಟಿಲ್ಲ."

ಲಿಂಗಸುಗೂರಿನ ಹಾಲಿನಲ್ಲಿ ಸಾಹುಕಾರ ಮುಂದಿನ ಸಾಲಿನಲ್ಲಿ ಕೂತಿದ್ದ, ಪಕ್ಕಕ್ಕೆ ವಕೀಲ. ತಿಮ್ಮವ್ವ ಮಸ್ಕಿಯಿಂದ ಬಸ್ಸಿನಲ್ಲಿ ಬಂದಿದ್ದಳು. ಮಿಲ್ಲಿನ ಹೆಂಗಸರು ಒಂದು ಟಂಟಂ ಗಾಡಿ ಮಾಡಿಕೊಂಡು ಬಂದು ಹಿಂದೆ ಗೋಡೆಗೆ ಒರಗಿ ನೆಲದ ಮೇಲೆ ಕೂತರು. ಕುರ್ಚಿ ಖಾಲಿ ಇದ್ದವು. ಕೂಡ್ರಿ ಅಂತ ಯಾರೂ ಅನ್ನಲಿಲ್ಲ, ಅವರೂ ಕೇಳಲಿಲ್ಲ. ಅವರಲ್ಲಿ ರಹೀಮಾಬೀ ಒಬ್ಬಳು. ತಿಮ್ಮವ್ವನ ಜೋಡಿ ಒಂದೇ ಬೆಲ್ಟಿನಲ್ಲಿ ದುಡಿದವಳು. ನರಸಣ್ಣ ಟಿವಿಯ ಪಕ್ಕದಲ್ಲಿ, ಮಲ್ಲೇಶ ಒಂದು ಮೂಲೆಯಲ್ಲಿ ಕ್ಯಾಮೆರಾ ಇಟ್ಟುಕೊಂಡು ನಿಂತಿದ್ದ. ವಿಚಾರಣೆಯನ್ನೂ ರೆಕಾರ್ಡ್ ಮಾಡಬೇಕು ಅಂತ ಆದೇಶವಿತ್ತು.

ಸಾಹೇಬ ಬಂದ, ಹಿಂದೆ ಅವನ ಗುಮಾಸ್ತ. ಟಿವಿ ಹಚ್ಚಿದರು. ಎಸಿ ರೂಮು, ದೇವರ ಫೋಟೋ, ಹೂವು, ಸಾಹುಕಾರನ ಮುಖ. ಸಾಹುಕಾರ ಬಾಯಿ ತೆರೆದ. ಕೆಳಗೆ ಬಂತು: ಅಸ್ಪಷ್ಟ.

ಸಾಹೇಬ ಕನ್ನಡಕ ಸರಿಮಾಡಿಕೊಂಡ. ಸಾಹುಕಾರ ಟಿವಿಯಲ್ಲಿ ಬೆರಳೆತ್ತಿ ಇನ್ನೊಂದು ಮಾತು ಹೇಳಿದ. ಅಸ್ಪಷ್ಟ. ಎದೆ ಮುಟ್ಟಿಕೊಂಡು ಹೇಳಿದ. ಅಸ್ಪಷ್ಟ.

ವಕೀಲ ಎದ್ದೇ ಬಿಟ್ಟ. ಸಾಹೇಬನೂ ಕೈ ಎತ್ತಿದ. "ಬಂದ್ ಕರೋ. ಇದೇನಿದು?" ಅಂತ ಹಿಂದಿಯಲ್ಲಿ ಗದರಿದ. "ಇಷ್ಟು ದೊಡ್ಡ ಮನುಷ್ಯ ಮಾತಾಡುವುದು ಅಸ್ಪಷ್ಟ ಅಂದರೆ ಏನರ್ಥ? ಇಂಥ ರೆಕಾರ್ಡಿನ ಮೇಲೆ ತೀರ್ಪು ಕೊಡಲು ಆಗುತ್ತದೆಯೇ?" ಗುಮಾಸ್ತ ಅದನ್ನು ಕನ್ನಡದಲ್ಲಿ ನರಸಣ್ಣನಿಗೆ ದಾಟಿಸಿದ. ನರಸಣ್ಣನ ಮುಖ ಬೂದಿಯಾಯಿತು.

"ಮುಂದಿನದು ಹೇಗಿದೆ ನೋಡೋಣ, ಓಡಿಸು," ಅಂದ ಸಾಹೇಬ.

ಮುಂದಕ್ಕೆ ಓಡಿಸಿದರು. ಬೇವಿನ ಗಿಡ ಬಂತು. ತಿಮ್ಮವ್ವ ಬಂದಳು, ಮಡಚಿ ಪಿನ್ನು ಹಾಕಿದ ಕುಪ್ಪಸದ ತೋಳು ಸಮೇತ. ಅವಳು ತಾನು ಯಾರು, ಎಲ್ಲಿ ದುಡಿಯುತ್ತಿದ್ದೆ ಅಂತ ಹೇಳತೊಡಗಿದಳು. ಕೆಳಗೆ ಇಂಗ್ಲಿಷ್‌ನಲ್ಲಿ ಅಕ್ಷರ ಬಂದವು: ನಾನಿಲ್ಲದೆ ಈ ಮಿಲ್ಲು ಒಂದು ದಿನವೂ ನಡೆಯುವುದಿಲ್ಲ.

ಸಾಹೇಬ ಓದಿದ. ತಿಮ್ಮವ್ವನ ಮುಖ ನೋಡಿದ. ಮತ್ತೆ ಅಕ್ಷರ ಬಂದವು: ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬರುವುದು ನಾನು, ಕೊನೆಗೆ ಹೋಗುವುದು ನಾನು.

ಸಾಹೇಬ ತಲೆ ಅಲ್ಲಾಡಿಸಿದ. "ಈಕೆಯದು ಸ್ಪಷ್ಟವಾಗಿದೆಯಲ್ಲ," ಅಂದ.

ನನ್ನ ಜೀವನವನ್ನೇ ಈ ಮಿಲ್ಲಿಗೆ ಕೊಟ್ಟಿದ್ದೇನೆ, ಅಂತ ಬಂದಾಗ ಟಿವಿಯಲ್ಲಿ ತಿಮ್ಮವ್ವ ಇಲ್ಲದ ಕೈಯ ಕಡೆ ಕಣ್ಣಾಡಿಸುತ್ತಿದ್ದಳು. ಸಾಹೇಬ ಪೆನ್ನು ತೆಗೆದು ಏನೋ ಗುರುತು ಮಾಡಿಕೊಂಡ.

ವಕೀಲ ಸಾಹುಕಾರನ ಕಿವಿಯಲ್ಲಿ ಅರ್ಥ ಹೇಳಿದ. ಸಾಹುಕಾರ ಎದ್ದು ನಿಂತ. "ಅವು ನನ್ನ ಮಾತು ರೀ," ಅಂದ. "ಆ ಮಾತು ನಾ ಹೇಳಿದ್ದು. ಆಕಿ ಎಲ್ಲಿ ಹೇಳ್ಯಾಳ?"

ಎಲ್ಲರೂ ನರಸಣ್ಣನ ಕಡೆ ನೋಡಿದರು. ನರಸಣ್ಣ ಮಲ್ಲೇಶನ ಕಡೆ ನೋಡಿದ. ಸಾಹೇಬ ಗುಮಾಸ್ತನ ಮೂಲಕ ಕೇಳಿದ, ಬೇಕಂತ ಮಾಡಿದೆಯಾ ಅಂತ.

"ಜೋಡ್ಸು ಅಂದ್ರು, ಜೋಡ್ಸೀನ್ರಿ," ಅಂದ ಮಲ್ಲೇಶ. "ಒಂದಕ್ಷರ ಮುಟ್ಟಬ್ಯಾಡ ಅಂದ್ರು, ಮುಟ್ಟಿಲ್ರಿ. ಮುಂದಿಂದು ಹಿಂದ ಆತು. ಮಿಲ್ಲಿನ ಮಾಲೀಕರಿಗೆ ಅಸ್ಪಷ್ಟ ಅಂದ ಕೂಡ್ಲೇ ನೀವು ಟಿವಿ ಬಂದ್ ಮಾಡ್ಸಿದ್ರಿ. ಅದು ಆಕಿದಿತ್ರಿ. ಆಕಿ ಮುಖದ ತೆಳಗ ಬಂದಿದ್ರ ಬಂದ್ ಮಾಡ್ಸತಿದ್ರೇನು, ಅಷ್ಟು ಹೇಳ್ರಿ."

ಗುಮಾಸ್ತ ಇದನ್ನು ಅರ್ಧ ಹೇಳಿ ಅರ್ಧ ನುಂಗಿದ. ಸಾಹೇಬ ಹೇಳಿದ್ದು ಇದು: ಮಾಲೀಕರ ಮಾತನ್ನು ಅವರ ಮುಖಕ್ಕೆ ಸರಿಯಾಗಿ ಹಾಕಿ ತರಬೇಕು. ಮಹಿಳೆಯದನ್ನು ಏಜೆನ್ಸಿ ಅಸ್ಪಷ್ಟ ಅಂತ ದೃಢೀಕರಿಸಿರುವುದರಿಂದ ಅದು ಹಾಗೆಯೇ ಇರಲಿ. ಈ ಹುಡುಗನನ್ನು ಕೆಲಸದಿಂದ ತೆಗೆಯಬೇಕು.

ನರಸಣ್ಣ, "ತಗದೀನ್ರಿ ಸರ್," ಅಂದ. ಅಷ್ಟು ಬೇಗ ಅವನು ಯಾವ ಕೆಲಸವನ್ನೂ ಮುಗಿಸಿದ್ದಿಲ್ಲ. ಮಲ್ಲೇಶ ಕ್ಯಾಮೆರಾ ಕೆಳಗಿಡಲಿಲ್ಲ. ಇಡು ಅಂತ ನರಸಣ್ಣನಿಗೂ ಹೊಳೆಯಲಿಲ್ಲ.

ತಿಮ್ಮವ್ವ ಎದ್ದು ನಡೆದು ಬಂದು ಟಿವಿ ಮುಂದೆ ನಿಂತಳು. "ನಾ ಇಲ್ಲೇ ಅದೀನಲ್ರಿ," ಅಂದಳು. "ಟಿವಿ ಯಾಕ ಬೇಕು? ನನ್ನನ್ನ ಕೇಳ್ರಿ."

ಸಾಹೇಬ ಗುಮಾಸ್ತನ ಕಡೆ ನೋಡಿದ. ಗುಮಾಸ್ತ ಸಾಹುಕಾರನ ಕಡೆ ನೋಡಿದ. ನೋಡಿ, ಶಾಯಿ ಬಾಟ್ಲಿಯ ಮುಚ್ಚಳ ಬಿಗಿ ಮಾಡತೊಡಗಿದ.

ಆಗ ಹಿಂದೆ ನೆಲದ ಮೇಲಿಂದ ರಹೀಮಾಬೀ ಎದ್ದಳು. ಸೊಂಟ ಹಿಡಿದುಕೊಂಡು ಎದ್ದಳು, ಚೀಲ ಹೊತ್ತ ಸೊಂಟ. "ಸಾಬ್, ಮೈ ಬೋಲ್ತೂಂ," ಅಂದಳು. "ಇನೋ ಬೋಲೇ ಸೋ ಮೈ ಬೋಲ್ತೂಂ."

ಈಕೆ ಹೇಳಿದ್ದನ್ನು ನಾನು ಹೇಳುತ್ತೇನೆ ಅಂದದ್ದು ಸಾಹೇಬನಿಗೆ ಅರ್ಥವಾಯಿತು. ಈ ಸೀಮೆಯಲ್ಲಿ ಅರ್ಧ ಓಣಿ ಮನೆಯಲ್ಲಿ ಆಡುವ ಉರ್ದು ಅವನ ಹಿಂದಿಗೆ ತಂಗಿ ಅಂತ ಅವನಿಗೆ ಯಾರೂ ಹೇಳಿದ್ದಿಲ್ಲ. ಅವನೂ ಕೇಳಿದ್ದಿಲ್ಲ.

ತಿಮ್ಮವ್ವ ಒಂದು ಮಾತು ಹೇಳುವಳು, ರಹೀಮಾಬೀ ಅದನ್ನು ದಾಟಿಸುವಳು. ಬೆಲ್ಟು ಕಟ್ಟಿತ್ತು. ಮ್ಯಾನೇಜರ್ ನಿಲ್ಲಿಸಬ್ಯಾಡ ಅಂದಿದ್ದ. ಕೈ ಹಾಕಿದೆ. ಎಳೀತು. ಚೀರಿದೆ, ಮಿಲ್ಲಿನ ಸದ್ದಿನಾಗ ಯಾರಿಗೂ ಕೇಳಲಿಲ್ಲ. "ಆಮ್ಯಾಲಿಂದು ನನಗ ಗೊತ್ತಿಲ್ರಿ. ಎಚ್ಚರ ತಪ್ಪಿತ್ತು," ಅಂತ ತಿಮ್ಮವ್ವ ನಿಲ್ಲಿಸಿದಳು.

ರಹೀಮಾಬೀ ನಿಲ್ಲಿಸಲಿಲ್ಲ. ಮುಂದಿನದು ಅವಳಿಗೆ ಗೊತ್ತಿತ್ತು. ಅವಳ ಭಾಷೆಯಲ್ಲೇ, ಸಂತೆಯಲ್ಲಿ ಬದನೆಕಾಯಿ ಬೆಲೆ ಹೇಳುವ ದನಿಯಲ್ಲಿ ಹೇಳಿದಳು. ನಾನು ಮ್ಯಾನೇಜರನ ಕಡೆ ಓಡಿದೆ. ತಿಮ್ಮವ್ವನ ಕೈ ಸಿಕ್ಕಿದೆ, ಬೆಲ್ಟು ಬಂದ್ ಮಾಡ್ರಿ ಅಂದೆ. ಈ ಲಾಟು ಮುಗೀಲಿ ತಡಿ ಅಂದರು. ಆಮೇಲೆ ನಾನು, ಭತ್ತಕ್ಕೆಲ್ಲ ರಕ್ತ ಹತ್ತಾಕತ್ತೈತಿ ಅಂದೆ. ಆಗ ಬಂದ್ ಮಾಡಿದರು.



ಸಾಹುಕಾರನಿಗೆ ಉರ್ದು ಚೆನ್ನಾಗಿ ಬರುತ್ತಿತ್ತು. ಹಮಾಲರನ್ನು ಬೈದು ಬೈದು ಕಲಿತದ್ದು. ಅವನು ತಿರುಗಿ ನಿಂತ. "ಲೇ ರಹೀಮಾಬೀ, ಉಂಡ ಮನೀಗೆ ಎರಡ ಬಗೀತೀ? ಆಕಿನೂ ನೀನೂ ಒಂದ ಪಾಳೇದಾಗ ದುಡದವ್ರು ಅಂತ ಈ ಸೊಕ್ಕೇನು? ಆಕಿಗಾದ ಗತಿನ ನಿಂಗೂ. ನಾಳಿಂದ ಕೆಲಸಕ್ಕ ಬರಬ್ಯಾಡ."

ವಕೀಲ ಸಾಹುಕಾರನ ಅಂಗಿಯ ತೋಳು ಹಿಡಿದೆಳೆದ. ತಡವಾಗಿತ್ತು.

"ಕ್ಯಾ ಬೋಲಾ?" ಅಂದ ಸಾಹೇಬ.

ಗುಮಾಸ್ತ, "ಕುಛ್ ನಹೀಂ ಸರ್," ಅಂದ. ರಹೀಮಾಬೀ ಅವನನ್ನು ನೋಡಲೂ ಇಲ್ಲ. ಸಾಹುಕಾರ ಹೇಳಿದ್ದನ್ನು, ಹೇಳಿದ ಕ್ರಮದಲ್ಲೇ, ಒಂದೂ ಬಿಡದೆ ದಾಟಿಸಿದಳು. ತನ್ನನ್ನು ಬೈದದ್ದನ್ನೂ ಬಿಡಲಿಲ್ಲ. ತಿಮ್ಮವ್ವನೂ ತಾನೂ ಒಂದೇ ಪಾಳಿಯಲ್ಲಿ ದುಡಿದವರು ಅಂತ ಸಾಹುಕಾರರು ಹೇಳುತ್ತಿದ್ದಾರೆ. ನಾಳೆಯಿಂದ ನನಗೆ ಕೆಲಸವಿಲ್ಲ ಅಂತಲೂ ಹೇಳುತ್ತಿದ್ದಾರೆ.

ಸಾಹೇಬ ಸಾಹುಕಾರನ ಮುಖವನ್ನೇ ನೋಡಿದ. ಪೆನ್ನು ಕೈಯಲ್ಲೇ ಇತ್ತು. ಬರೆಯಲಿಲ್ಲ.

"ಬರ್ಕೋರಿ ಸಾಹೇಬ್ರ," ಅಂದಳು ತಿಮ್ಮವ್ವ. "ಇದು ಸ್ಪಷ್ಟ ಐತಿ."

ಗೋಡೆಗೆ ಒರಗಿದ್ದ ಹೆಂಗಸರಲ್ಲಿ ಪಾರ್ವತೆಮ್ಮ ಎದ್ದು ನಿಂತಳು. "ನಾನೂ ಅದ ಪಾಳೇದಾಕಿ ರೀ," ಅಂದಳು. ರಹೀಮಾಬೀ ದಾಟಿಸಿದಳು. ಸರ್ದಾರಬಿ ಎದ್ದಳು, ಅವಳಿಗೆ ದಾಟಿಸುವವರು ಬೇಕಾಗಲಿಲ್ಲ. ಅವಳ ಹಿಂದೆ ಇನ್ನೊಬ್ಬಳು. ಸಾಹುಕಾರ ಈಗ ಯಾರಿಗೂ ನಾಳೆಯಿಂದ ಬರಬೇಡ ಅನ್ನಲಿಲ್ಲ. ಅಂದರೆ ಅದೂ ದಾಟುತ್ತಿತ್ತು.

ಕೊನೆಯವಳು ಎದ್ದ ಮೇಲೆ ಅವರು ಹೊರಗೆ ಹೋಗಲಿಲ್ಲ. ಮುಂದೆ ಬಂದು ಖಾಲಿ ಕುರ್ಚಿಗಳ ಮೇಲೆ ಕೂತರು. ಸಾಹೇಬ ಕಡೆಗೂ ಬರೆಯತೊಡಗಿದ್ದ. ಅವನು ಬರೆಯುವುದನ್ನು ನೋಡುತ್ತ ಕೂತರು.